ಕೆಂಪು ಕೇಳಿದ್ರಿ, ಕೆಂಪು ಕೊಟ್ಟೆ: ದಾವಣಗೆರೆಯಲ್ಲಿ ತಂದ 30 ‘ಆರ್‌ಐಆರ್’ ಕೋಳಿಮರಿಗಳ ರಿವ್ಯೂ

ಐದಕ್ಕೆ ಮೂರು ಸ್ಟಾರ್. ಮರಿಗಳ ಆರೋಗ್ಯಕ್ಕೆ ಪೂರ್ತಿ ಮಾರ್ಕು, ಹೇಳಿದ ಹೆಸರಿಗೆ ಸೊನ್ನೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಹಳೇ ದಾವಣಗೆರೆ ಕಡೆ ಕೋಳಿಮರಿ ಮಾರುವ ಜಾಗ ಒಂದೆರಡಲ್ಲ, ಮತ್ತೆ ಇದು ಒಬ್ಬರದೇ ತಪ್ಪು ಅಂತ ನನಗೆ ಅನಿಸುವುದೂ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಳೆದ ಸೆಪ್ಟೆಂಬರ್, ಊರಲ್ಲಿ ಗಣೇಶನನ್ನು ಬಿಟ್ಟಾಗಿತ್ತು. ನಮ್ಮದು ಆನಗೋಡು ಹತ್ತಿರದ ಹಳ್ಳಿ. ಹಿತ್ತಲಲ್ಲಿ ಹಳೇ ದನದ ಕೊಟ್ಟಿಗೆ ಖಾಲಿ ಬಿದ್ದಿತ್ತು, ಮನೆಯಲ್ಲಿ ಮೆಕ್ಕೆಜೋಳಕ್ಕೆ ಬರ ಇಲ್ಲ. ಹಿಂಗಾಗಿ ಕೋಳಿ ಸಾಕೋಣ ಅಂತ ಹೊರಟೆ. ಯೂಟ್ಯೂಬ್ ನೋಡಿ ತಲೆಯಲ್ಲಿ ಒಂದೇ ಹೆಸರು ಕೂತಿತ್ತು: ಆರ್‌ಐಆರ್, ಅಂದರೆ ರೋಡ್ ಐಲ್ಯಾಂಡ್ ರೆಡ್ ಅನ್ನುವ ಅಮೆರಿಕದ ಕೆಂಪು ಕೋಳಿ ತಳಿ. ಅಂಗಡಿಯಲ್ಲಿ ಕೇಳಿದೆ. “ಪ್ಯೂರ್ ಆರ್‌ಐಆರ್ ಸಾರ್, ಎಲ್ಲಾ ಹೇಂಟೆ, ಗ್ಯಾರಂಟಿ” ಅಂದರು. ಮೂರು ವಾರದ ಮರಿ, ಒಂದಕ್ಕೆ 110 ರೂಪಾಯಿ. 30 ಮರಿಗೆ 3300 ಕೊಟ್ಟು, ಎರಡು ರಟ್ಟಿನ ಡಬ್ಬಿಯಲ್ಲಿ ತುಂಬಿಸಿಕೊಂಡು, ಒಂದನ್ನು ಮುಂದೆ ಕಾಲ ಹತ್ತಿರ ಇಟ್ಟು ಇನ್ನೊಂದನ್ನು ಮಗನ ತೊಡೆ ಮೇಲೆ ಕೊಟ್ಟು ಬೈಕಿನಲ್ಲಿ ಹೈವೇ ಹಿಡಿದು ಬಂದೆವು. ದಾರಿ ಪೂರ್ತಿ ಚಿಂವ್ ಚಿಂವ್.

ಆ “ಪ್ಯೂರ್” ಮತ್ತು “ಎಲ್ಲಾ ಹೇಂಟೆ” ಎರಡೂ ಒಟ್ಟಿಗೆ ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ಮರಿಗಳು ಚುರುಕಾಗಿದ್ದವು. ಹಿಂಬದಿ ಸ್ವಚ್ಛ, ಹೊಕ್ಕುಳ ಒಣಗಿತ್ತು, ಕಣ್ಣು ಹೊಳೆಯುತ್ತಿತ್ತು. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಹಾಕುವ ಲಸೋಟಾ, ಗಂಬೋರೋ ರೋಗದ ಲಸಿಕೆ ಹಾಕಿದ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ನಾಲ್ಕನೇ ವಾರಕ್ಕೆ ಲಸೋಟಾ ಇನ್ನೊಮ್ಮೆ, ಎಂಟನೇ ವಾರಕ್ಕೆ ಕೊಕ್ಕರೆ ರೋಗದ ಆರ್‌ಟೂಬಿ ಚುಚ್ಚುಮದ್ದು ಹಾಕಿಸಿ ಅಂತ ನೆನಪಿಸಿದ್ದೂ ಅವರೇ. ಎರಡು ಮರಿ ಮೊದಲ ವಾರದ ಚಳಿಗೆ ಹೋದವು, ಅದು ನನ್ನ ತಪ್ಪು, ರಾತ್ರಿ ಕರೆಂಟು ಹೋದದ್ದು ನೋಡಿಕೊಳ್ಳಲಿಲ್ಲ. ಒಂದನ್ನು ಮುಂಗುಸಿ ಒಯ್ದಿತು. ಉಳಿದ 27 ಇವತ್ತಿನವರೆಗೂ ರೋಗ ಅಂತ ತೂಕಡಿಸಿದ್ದು ನೋಡಿಲ್ಲ. ಮೂರು ಸ್ಟಾರ್ ಬಂದದ್ದು ಇದಕ್ಕೇ.

ಎರಡು ತಿಂಗಳು ಎಲ್ಲಾ ಒಂದೇ ಥರ ಕಂಡವು. ಕೆಂಪು ಅಂದರೆ ಕೆಂಪು. ನವೆಂಬರ್‌ನಲ್ಲಿ ಕಣದಲ್ಲಿ ಮೆಕ್ಕೆಜೋಳ ಹರವಿದ್ದಾಗ ಅಕ್ಕನ ಗಂಡ ಬಂದಿದ್ದರು. ಅವರು ಹಿರಿಯೂರು ಕಡೆಯವರು, ಇಪ್ಪತ್ತು ವರ್ಷದಿಂದ ಕೋಳಿ ಸಾಕಿದವರು. ಚಹಾ ಕುಡಿಯುತ್ತಾ ಸುಮ್ನೆ ಕೋಳಿಗಳನ್ನೇ ನೋಡುತ್ತಿದ್ದರು. ಆಮೇಲೆ “ಎಷ್ಟು ಜಾತಿ ತಂದೀಯಪ್ಪಾ?” ಅಂದರು. ನಾನು ಒಂದೇ ಅಂದೆ. ಅವರು ನಕ್ಕು, ಲೋಟ ಕೆಳಗಿಟ್ಟು, ಕೈಗೆ ಸಿಕ್ಕ ಒಂದನ್ನು ಹಿಡಿದು ತಲೆಕೆಳಗು ಮಾಡಿ ಹೊಟ್ಟೆಯ ಪುಕ್ಕದೊಳಗೆ ಉಫ್ ಅಂತ ಊದಿದರು. ಮೇಲೆ ಕೆಂಪು, ಒಳಗೆ ಹತ್ತಿಯ ಹಾಗೆ ಬಿಳಿ. ಇನ್ನೊಂದನ್ನು ಹಿಡಿದು ಊದಿದರು. ಅದು ಚರ್ಮದವರೆಗೂ ಕೆಂಪು.

ಆ ಊದುವುದನ್ನು ಎಲ್ಲರೂ ಕಲಿಯಬೇಕು. ಹತ್ತು ಸೆಕೆಂಡಿನ ಕೆಲಸ, ದುಡ್ಡು ಕೊಡುವ ಮುಂಚೆ ಮಾಡಬಹುದು. ಒಂದೇ ಒಂದು ಮಾತು, ಮರಿಗೆ ನಿಜವಾದ ಪುಕ್ಕ ಬಂದಿರಬೇಕು. ಮೂರು ವಾರದ ಮರಿಗೆ ಇನ್ನೂ ನೂಲಿನಂಥ ರೋಮವೇ ಜಾಸ್ತಿ, ಆಗ ಊದಿದರೆ ಏನೂ ಗೊತ್ತಾಗುವುದಿಲ್ಲ. ಎರಡು ತಿಂಗಳಾದ ಮೇಲೆ ಸುಳ್ಳು ನಿಲ್ಲುವುದಿಲ್ಲ.

ಅವತ್ತು ಸಂಜೆ ಕೂತು ಎಲ್ಲವನ್ನೂ ಒಂದೊಂದೇ ಹಿಡಿದು ಕಾಲಿಗೆ ಬಣ್ಣದ ದಾರ ಕಟ್ಟಿದೆವು. ಲೆಕ್ಕ ಹೀಗೆ ಬಂತು: 15 ಹೈಬ್ರಿಡ್ ಮೊಟ್ಟೆ ಕೋಳಿ, ಏಳು ಆರ್‌ಐಆರ್, ನಾಲ್ಕು ನ್ಯೂ ಹ್ಯಾಂಪ್‌ಶೈರ್ ತಳಿಯ ಲಕ್ಷಣದವು, ಒಂದು ಯಾವುದಕ್ಕೂ ಸೇರದ್ದು. ಆರ್‌ಐಆರ್ ಏಳರಲ್ಲಿ ಮೂರು ಹುಂಜ, ಹ್ಯಾಂಪ್‌ಶೈರ್ ನಾಲ್ಕರಲ್ಲಿ ಒಂದು ಹುಂಜ. ಎಲ್ಲಾ ಹೇಂಟೆ ಅನ್ನುವ ಗ್ಯಾರಂಟಿ ಅಲ್ಲಿಗೆ ಮುಗಿಯಿತು. ಹೈಬ್ರಿಡ್ 15ರಲ್ಲಿ ಮಾತ್ರ ಒಂದೂ ಹುಂಜ ಇರಲಿಲ್ಲ, ಮತ್ತೆ ಅದೇ ಅವು ಹೈಬ್ರಿಡ್ ಅನ್ನುವುದಕ್ಕೆ ದೊಡ್ಡ ಸಾಕ್ಷಿ.

ಹೇಗೆ ಅಂದರೆ, ನಮ್ಮಲ್ಲಿ ಹೆಣ್ಣುಮಕ್ಕಳು ಅಪ್ಪನ ರೂಪ, ಗಂಡುಮಕ್ಕಳು ಅಮ್ಮನ ರೂಪ ಅಂತಾರಲ್ವಾ, ಈ ಕೋಳಿಗಳಲ್ಲಿ ಅದು ಅಕ್ಷರಶಃ ನಿಜ. ಕೆಂಪು ಹುಂಜಕ್ಕೆ ಬಿಳಿ ಹೇಂಟೆ ಕೂಡಿಸುತ್ತಾರೆ. ಯಾವುದೋ ಒಂದು ಬಿಳಿ ಆಗುವುದಿಲ್ಲ, ಅದರಲ್ಲಿ ‘ಸಿಲ್ವರ್’ ಅನ್ನುವ ಗುಣ ಇರಬೇಕು. ತಾಯಿ ಕೋಳಿ ಆ ಗುಣವನ್ನು ಗಂಡು ಮರಿಗೆ ಮಾತ್ರ ಕೊಡುತ್ತದೆ, ಹೆಣ್ಣಿಗೆ ಕೊಡಲು ಅದಕ್ಕೆ ಆಗುವುದೇ ಇಲ್ಲ. ಹಾಗಾಗಿ ಹುಟ್ಟಿದ ದಿನವೇ ಹೆಣ್ಣು ಕೆಂಪು, ಗಂಡು ಬಿಳಿಚು. ಹ್ಯಾಚರಿಯವರು ಬಣ್ಣ ನೋಡಿಯೇ ಬೇರೆ ಮಾಡುತ್ತಾರೆ. ಫ್ರಾನ್ಸಿನಲ್ಲಿ 1978ರಲ್ಲಿ ಬಂದ ಐಎಸ್ಎ ಬ್ರೌನ್, ಜರ್ಮನಿಯ ಲೋಮನ್ ಬ್ರೌನ್, ಇವೆಲ್ಲ ಇದೇ ಲೆಕ್ಕದ ಕೋಳಿ. ಶುದ್ಧ ಆರ್‌ಐಆರ್‌ನಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಂಪು, ಮರಿಗಳೂ ಎಲ್ಲಾ ಕೆಂಪು. ಬಣ್ಣ ನೋಡಿ ಹೆಣ್ಣು ಗಂಡು ಹೇಳುವ ಹಾಗಿಲ್ಲ, ಬುಟ್ಟಿಯಲ್ಲಿ ಅರ್ಧಕ್ಕರ್ಧ ಹುಂಜ ಬಂದೇ ಬರುತ್ತವೆ. ಮರಿ ಅಂಗಡಿಯಲ್ಲಿ “ಪ್ಯೂರ್ ಕೂಡ, ಎಲ್ಲಾ ಹೆಣ್ಣೂ ಕೂಡ” ಅಂದರೆ ಎರಡರಲ್ಲಿ ಒಂದು ಸುಳ್ಳಿರುವುದೇ ಜಾಸ್ತಿ. ನನಗೆ ಎರಡೂ ಸುಳ್ಳಾದವು.

ಈಗ ನೋಟದ ವಿಷಯ. ಬಣ್ಣ ಅಂದರೆ ಬರೀ ಕೆಂಪು ಅಂತ ನೋಡಬೇಡಿ, ಎಂಥ ಕೆಂಪು ಅಂತ ನೋಡಿ. ಆರ್‌ಐಆರ್ ಚನ್ನಗಿರಿ ರಾಶಿ ಅಡಿಕೆಯ ಬಣ್ಣ. ಬೇಯಿಸಿ, ಚೊಗರು ಕೊಟ್ಟು, ಒಣಗಿಸಿದ ಅಡಿಕೆ ಇರುತ್ತದಲ್ಲ, ಕಪ್ಪಿಗೆ ಹತ್ತಿರದ ಕೆಂಪು, ಅದು. ಬೆಳಗಿನ ಬಿಸಿಲು ಬಿದ್ದಾಗ ಮಿಂಚುತ್ತದೆ, ನೆರಳಿಗೆ ಬಂದರೆ ದೂರದಿಂದ ಕರಿಕೋಳಿ ಅಂತಲೇ ಅನ್ನಬೇಕು. ನ್ಯೂ ಹ್ಯಾಂಪ್‌ಶೈರ್ ಹೊಸ ಬೆಲ್ಲದ ಬಣ್ಣ, ಹೊಳಪು ಇದೆ ಆದರೆ ತಿಳಿ. ಹೈಬ್ರಿಡ್ ಹಾಲು ಜಾಸ್ತಿ ಬಿದ್ದ ಚಹಾ. ಮೂರನ್ನೂ ಪಕ್ಕ ಪಕ್ಕ ನಿಲ್ಲಿಸಿದರೆ ಮಗು ಕೂಡ ಹೇಳುತ್ತದೆ. ತೊಂದರೆ ಏನೆಂದರೆ ಅಂಗಡಿಯಲ್ಲಿ ಮೂರೂ ಪಕ್ಕ ಪಕ್ಕ ಇರುವುದಿಲ್ಲ, ಟ್ಯೂಬ್‌ಲೈಟ್ ಬೆಳಕಲ್ಲಿ ಒಂದೇ ಜಾತಿ ಇರುತ್ತದೆ, ಮತ್ತೆ ಬೇಸಿಗೆ ಬಿಸಿಲಿಗೆ ಆರ್‌ಐಆರ್ ಪುಕ್ಕವೂ ಮಾಸಿ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಏಪ್ರಿಲ್‌ನಲ್ಲಿ ನಾನೇ ಒಂದನ್ನು ತಪ್ಪು ಹೇಳಿದೆ.

ಅದಕ್ಕೇ ಬಾಲ ನೋಡಬೇಕು. ಆರ್‌ಐಆರ್ ಬಾಲ ಕಪ್ಪು. ಹುಂಜಕ್ಕಂತೂ ಹಸಿರು ಮಿಂಚುವ ಕಪ್ಪು, ಜೀರುಂಡೆಯ ಬೆನ್ನಿನ ಹಾಗೆ. ಹ್ಯಾಂಪ್‌ಶೈರ್ ಹೇಂಟೆಗೂ ಬಾಲದಲ್ಲಿ ಕಪ್ಪಿದೆ, ಆದರೆ ತುದಿಗೆ, ಅಂಚಿಗೆ, ಪೂರ್ತಿ ಅಲ್ಲ. ಅದರ ಕುತ್ತಿಗೆಯ ಕೆಳಗೆ ಒಂದಷ್ಟು ಪುಕ್ಕಗಳ ತುದಿಗೆ ಕಾಡಿಗೆ ಮುಟ್ಟಿಸಿದ ಹಾಗೆ ಕಪ್ಪು ಚುಕ್ಕೆ ಇರುತ್ತದೆ. ಹೈಬ್ರಿಡ್ ಬಾಲದಲ್ಲಿ ಬಿಳಿ ಗರಿ ಇಣುಕುತ್ತದೆ. ಬಿಳಿ ಅಮ್ಮ ಬಿಟ್ಟುಹೋದ ಗುರುತು ಅದು. ಬಾಲದಲ್ಲಿ ಎರಡು ಬಿಳಿ ಗರಿ ಕಂಡರೆ ಆರ್‌ಐಆರ್ ರೇಟು ಕೊಡಬೇಡಿ.

ರೆಕ್ಕೆ ಬಿಡಿಸಿಯೂ ನೋಡಿ. ಮಡಿಸಿದಾಗ ಆರ್‌ಐಆರ್ ರೆಕ್ಕೆ ಪೂರ್ತಿ ಕೆಂಪು, ಬಿಡಿಸಿದರೆ ಒಳಗಿನ ಹಾರುವ ಗರಿಗಳಲ್ಲಿ ಉದ್ದಕ್ಕೆ ಕಪ್ಪು ಪಟ್ಟಿ. ಸೀರೆಯ ನೆರಿಗೆ ಬಿಡಿಸಿದರೆ ಒಳಗೆ ಬೇರೆ ಬಣ್ಣ ಇದ್ದ ಹಾಗೆ. ನನ್ನ ಹೈಬ್ರಿಡ್‌ಗಳಲ್ಲಿ ಅಲ್ಲಿ ಕೆನೆ ಬಣ್ಣ ಇದೆ.

ಮೈಕಟ್ಟಿನ ಬಗ್ಗೆ ಒಂದು ಮಾತು. ಆರ್‌ಐಆರ್ ಬದಿಯಿಂದ ನೋಡಿದರೆ ಇಟ್ಟಿಗೆ. ಬೆನ್ನು ನೆಟ್ಟಗೆ, ಎದೆ ತುಂಬಿ, ಉದ್ದ ಚೌಕ. ಹ್ಯಾಂಪ್‌ಶೈರ್ ಬೆನ್ನು ಕುತ್ತಿಗೆಯಿಂದ ಬಾಲಕ್ಕೆ ಸ್ವಲ್ಪ ಬಾಗುತ್ತದೆ, ಹೊಟ್ಟೆ ಅಗಲ, ಒಟ್ಟು ತ್ರಿಕೋನದ ಹಾಗೆ. ಹೈಬ್ರಿಡ್ ಸಣಕಲು. ಎಂಟನೇ ತಿಂಗಳಲ್ಲಿ ಕೈತಕ್ಕಡಿಗೆ ಹಾಕಿದಾಗ ನನ್ನ ಆರ್‌ಐಆರ್ ಹೇಂಟೆ 2.6 ಕೆಜಿ ತೂಗಿತು, ಹೈಬ್ರಿಡ್ 1.8. ಅಮೆರಿಕದವರ ಅಳತೆಯಲ್ಲಿ ಆರ್‌ಐಆರ್ ಹೇಂಟೆ 2.9 ಕೆಜಿ, ಹುಂಜ 3.9 ಕೆಜಿ ಇರಬೇಕು. ನಮ್ಮ ಬಿಸಿಲಿಗೆ ಹಿತ್ತಲ ಮೇವಿಗೆ ಇಷ್ಟು ಬಂದದ್ದೇ ಸಾಕು.

ಇನ್ನೊಂದು ಗುರುತು ತಳಿಯದಲ್ಲ, ಮನುಷ್ಯರದ್ದು. ಕೊಕ್ಕು. ನನ್ನ 15 ಹೈಬ್ರಿಡ್‌ಗಳ ಮೇಲಿನ ಕೊಕ್ಕಿನ ತುದಿ ಮೊಂಡಾಗಿದೆ, ಬಿಸಿ ಬ್ಲೇಡಿನಲ್ಲಿ ಕತ್ತರಿಸಿದ್ದು. ದೊಡ್ಡ ಫಾರಂಗಳಿಗೆ ಹೋಗುವ ಮೊಟ್ಟೆ ಕೋಳಿಗಳಿಗೆ ಒಂದಕ್ಕೊಂದು ಕುಕ್ಕಿ ಸಾಯಿಸದಿರಲಿ ಅಂತ ಸಣ್ಣದಿರುವಾಗಲೇ ಹೀಗೆ ಮಾಡುತ್ತಾರೆ. ಹಿತ್ತಲಿಗೆ ಅಂತ ಸಾಕಿದ ಆರ್‌ಐಆರ್‌ಗೆ ಯಾರೂ ಇಷ್ಟು ಖರ್ಚು ಮಾಡುವುದಿಲ್ಲ. ತಂದ ದಿನ ನಾನು ಇದನ್ನು ನೋಡಿದ್ದೆ, ಡಬ್ಬಿಗೆ ಕುಕ್ಕಿ ಮುರಿದುಕೊಂಡಿದೆ ಅಂದುಕೊಂಡಿದ್ದೆ. ಹದಿನೈದೂ ಒಟ್ಟಿಗೆ ಮುರಿದುಕೊಂಡವಾ ಅಂತ ಯೋಚಿಸಲಿಲ್ಲ ನೋಡಿ. ಪಾಪ, ಅವುಗಳಿಗೆ ನೆಲದ ಮೇಲಿನ ರಾಗಿ ಕಾಳು ಹೆಕ್ಕುವುದು ಇವತ್ತಿಗೂ ಕಷ್ಟ.

ರೂಪಕ್ಕಿಂತ ಬೇಗ ಗುಟ್ಟು ಬಿಡುವುದು ಸ್ವಭಾವ. ಇದನ್ನು ಬರೆಯಲಿಕ್ಕೇ ಇಷ್ಟು ದಿನ ಕಾದೆ.

ಹೈಬ್ರಿಡ್ ಕೋಳಿ ಅಂದರೆ ಸಾಧು, ಸಾಧು ಅಂದರೆ ಎಷ್ಟು ಅಂದರೆ ಬೇಸರ ಬರುವಷ್ಟು. ಬಾಗಿಲು ತೆಗೆದರೆ ಕಾಲಿಗೆ ಸುತ್ತಿಕೊಳ್ಳುತ್ತವೆ, ಚಪ್ಪಲಿಯ ಉಂಗುಷ್ಠ ಕುಕ್ಕುತ್ತವೆ, ಕೈ ಚಾಚಿದರೆ ರೆಕ್ಕೆ ಸ್ವಲ್ಪ ಅಗಲಿಸಿ ಕುಕ್ಕರುಗಾಲಲ್ಲಿ ಕೂತುಬಿಡುತ್ತವೆ, ಎತ್ತಿಕೋ ಅನ್ನುವ ಹಾಗೆ. ಮಗಳು ಒಂದಕ್ಕೆ ‘ಬಿಸ್ಕತ್ತು’ ಅಂತ ಹೆಸರಿಟ್ಟಿದ್ದಾಳೆ, ಅದು ಅವಳ ಮಡಿಲಲ್ಲಿ ನಿದ್ದೆ ಮಾಡುತ್ತದೆ. ಆದರೆ ಬುದ್ಧಿ ಕಮ್ಮಿ. ಒಂದು ದಿನ ಮಧ್ಯಾಹ್ನ ಹದ್ದು ಬಂತು. ಆರ್‌ಐಆರ್ ಹುಂಜ ಒಂದು ಬೇರೆಯದೇ ದನಿ ತೆಗೆಯಿತು, ಉದ್ದಕ್ಕೆ, ಗಂಟಲಿಂದ. ಆರ್‌ಐಆರ್ ಹೇಂಟೆಗಳು ಕಣ್ಣು ಮುಚ್ಚಿ ಬಿಡುವುದರೊಳಗೆ ಹೊಂಗೆ ಮರದ ಕೆಳಗೆ. ಹ್ಯಾಂಪ್‌ಶೈರ್‌ಗಳು ಬಾಯಲ್ಲಿದ್ದ ಸೊಪ್ಪು ಬಿಡದೆ, ಅದನ್ನು ಎಳೆದುಕೊಂಡೇ ಓಡಿದವು. ಈ ಹದಿನೈದು ಮಾತ್ರ ಅಂಗಳದ ನಡುವೆ ನಿಂತು, ತಲೆ ಓರೆ ಮಾಡಿ, ಒಂದು ಕಣ್ಣಲ್ಲಿ ಆಕಾಶ ನೋಡುತ್ತಿದ್ದವು. ಜಾತ್ರೆಯಲ್ಲಿ ತೇರು ನೋಡುವ ಹಾಗೆ. ನಾನು ಪೊರಕೆ ಬೀಸಿ ಓಡಿಸಿದೆ, ಹದ್ದನ್ನಲ್ಲ, ಕೋಳಿಗಳನ್ನು.

ಆರ್‌ಐಆರ್ ಹೇಂಟೆ ಗಟ್ಟಿಗಿತ್ತಿ. ಮೇವಿನ ತೊಟ್ಟಿಗೆ ಮೊದಲು ಅವಳೇ, ಮಲಗುವ ಕೋಲಿನಲ್ಲಿ ಎತ್ತರದ ಜಾಗ ಅವಳದ್ದೇ. ಹೈಬ್ರಿಡ್ ಅಡ್ಡ ಬಂದರೆ ತಲೆಗೆ ಒಂದೇ ಏಟು. ಮನುಷ್ಯರಿಗೆ ಹೆದರುವುದಿಲ್ಲ, ಆದರೆ ಮುಟ್ಟಿಸಿಕೊಳ್ಳುವುದೂ ಇಲ್ಲ. ತಿಪ್ಪೆ ಕೆದಕುವುದರಲ್ಲಿ ಇದನ್ನು ಮೀರಿಸಿದವರಿಲ್ಲ, ಅರ್ಧ ಮೇವು ತಾವೇ ಹುಡುಕಿಕೊಳ್ಳುತ್ತವೆ. ಹುಂಜದ ವಿಷಯ ಬೇರೆ. ಐದು ತಿಂಗಳವರೆಗೆ ದೇವರಂಥವು. ಆರನೇ ತಿಂಗಳಿಗೆ ಒಂದು ದಿನ ಬಕೆಟ್ ಹಿಡಿದು ಹೋಗುತ್ತಿದ್ದ ನನ್ನ ಹೆಂಡತಿಯ ಮೀನಖಂಡಕ್ಕೆ ಹಿಂದಿನಿಂದ ಹಾರಿ ಒದ್ದಿತು, ರಕ್ತ ಬಂತು. ಎದುರಿಗೆ ಬಂದರೆ ಏನೂ ಮಾಡುವುದಿಲ್ಲ, ಬೆನ್ನು ತಿರುಗಿಸುವುದನ್ನೇ ಕಾಯುತ್ತದೆ. ಮೂರರಲ್ಲಿ ಎರಡು ಯುಗಾದಿಯ ಕರಿ ದಿನ ಸಾರಿಗೆ ಹೋದವು. ಉಳಿದದ್ದು ಅವುಗಳಿಗಿಂತ ವಾಸಿ, ಒಳ್ಳೆಯದು ಅಂತಲ್ಲ. ಸಣ್ಣ ಮಕ್ಕಳಿರುವ ಮನೆಗೆ ಆರ್‌ಐಆರ್ ಹುಂಜ ನಾನು ಹೇಳುವುದಿಲ್ಲ.

ನ್ಯೂ ಹ್ಯಾಂಪ್‌ಶೈರ್ ಎರಡರ ನಡುವೆ. ಸಮಾಧಾನದ ಕೋಳಿ, ಜಗಳಕ್ಕೆ ಹೋಗುವುದಿಲ್ಲ, ಮೇವಿನ ಹತ್ತಿರ ಮಾತ್ರ ಅತಿ ಆಸೆ. ಅದರ ಹುಂಜ ಇಷ್ಟು ತಿಂಗಳಲ್ಲಿ ಯಾರನ್ನೂ ಒದ್ದಿಲ್ಲ, ಮಗಳು ಎತ್ತಿಕೊಂಡು ಓಡಾಡುತ್ತಾಳೆ. ಇದಕ್ಕೆ ಕಾವಿನ ಗುಣವೂ ಚೆನ್ನಾಗಿದೆ. ಮೂರು ಹೇಂಟೆಯಲ್ಲಿ ಎರಡು ಈಗಾಗಲೇ ಕಾವಿಗೆ ಕೂತಿವೆ. ಆರ್‌ಐಆರ್ ಒಂದೂ ಕೂತಿಲ್ಲ, ಹೈಬ್ರಿಡ್ ಕೂರುವ ಮಾತೇ ಇಲ್ಲ, ಮೊಟ್ಟೆ ಇಟ್ಟು ಹಿಂದೆ ತಿರುಗಿಯೂ ನೋಡುವುದಿಲ್ಲ. ನಿಜ ಹೇಳಬೇಕೆಂದರೆ ಹಿತ್ತಲಿಗೆ ನನಗೆ ಇಷ್ಟವಾದದ್ದು ಇದೇ, ನಾನು ಕೇಳಿಯೇ ಇರದ ಹೆಸರಿನ ಕೋಳಿ. ಮೂಲದಲ್ಲಿ ಇದೂ ಆರ್‌ಐಆರ್ ಮನೆತನವೇ. ಅಮೆರಿಕದ ಪುಟ್ಟ ರಾಜ್ಯ ರೋಡ್ ಐಲ್ಯಾಂಡ್ ಸುತ್ತಮುತ್ತಲ ರೈತರು ಹಡಗಿನಲ್ಲಿ ಬಂದ ಏಷ್ಯಾದ ಕೆಂಪು ಹುಂಜಗಳನ್ನು, ಮಲಯ ಜಾತಿಯವನ್ನು, ತಮ್ಮ ಕೋಳಿಗಳ ಜೊತೆ ಬೆರೆಸಿ ಆರ್‌ಐಆರ್ ಮಾಡಿದರು. 1904ರಲ್ಲಿ ಅಲ್ಲಿನ ಕೋಳಿ ಸಂಘ ಅದನ್ನು ತಳಿ ಅಂತ ಒಪ್ಪಿತು. ಹತ್ತಿರದ ನ್ಯೂ ಹ್ಯಾಂಪ್‌ಶೈರ್ ರೈತರು ಅದೇ ಕೋಳಿಯಿಂದ ಬೇಗ ಬೆಳೆಯುವವು, ಬೇಗ ಪುಕ್ಕ ಬರುವವು ಅಂತ ಆರಿಸುತ್ತಾ ಆರಿಸುತ್ತಾ ಹೋದರು, 1935ಕ್ಕೆ ಅದು ಬೇರೆ ತಳಿಯೇ ಆಯಿತು. ಅಣ್ಣತಮ್ಮ ಬೇರೆ ಮನೆ ಮಾಡಿದ ಹಾಗೆ.

ಸೇರದ ಆ ಒಂದು ಕೋಳಿ? ಬಣ್ಣ ಕೆಂಪು, ಆದರೆ ಜುಟ್ಟು ಗರಗಸದ ಹಾಗೆ ನಿಂತಿಲ್ಲ, ಬಟಾಣಿ ಸಾಲಿನ ಹಾಗೆ ತಲೆಗೆ ಅಂಟಿಕೊಂಡಿದೆ. ಕುತ್ತಿಗೆ ಉದ್ದ, ಪುಕ್ಕ ಬಿಗಿ, ನಡಿಗೆಯಲ್ಲಿ ಗತ್ತು. ಕಾಳಗದ ಕೋಳಿ ತಳಿಯಾದ ಆಸಿಲ್‌ನ ರಕ್ತ ಸೇರಿದ ನಾಟಿ. ಆಂಧ್ರದ ಗಡಿಯ ಕಡೆ, ಚಳ್ಳಕೆರೆ ಮೊಳಕಾಲ್ಮೂರು ಕಡೆ ಇಂಥವು ಕಾಣುತ್ತವೆ. ಇದು ಡಬ್ಬಿಗೆ ಹೇಗೆ ಬಂತೋ. ಹೇಂಟೆಯಾದರೂ ಹುಂಜವನ್ನೇ ಅಟ್ಟಿಸುತ್ತದೆ, ಹೆಂಡತಿಗೆ ಬಹಳ ಪ್ರೀತಿ.

ಮೊಟ್ಟೆ ಲೆಕ್ಕ ಕೇಳುವವರಿಗೆ. ಸಂಕ್ರಾಂತಿಯ ವಾರ ಹೈಬ್ರಿಡ್ ಶುರು ಮಾಡಿತು, ಇಪ್ಪತ್ತನೇ ವಾರ. ಒಂದು ತಿಂಗಳೊಳಗೆ 15ರಿಂದ ದಿನಕ್ಕೆ 13, 14. ಆರ್‌ಐಆರ್ ಶಿವರಾತ್ರಿಗೆ ಸ್ವಲ್ಪ ಮುಂಚೆ, ನಾಲ್ಕು ಹೇಂಟೆಯಿಂದ ದಿನಕ್ಕೆ ಎರಡು ಮೂರು. ಹ್ಯಾಂಪ್‌ಶೈರ್ ಇನ್ನೂ ತಡ. ಮೊಟ್ಟೆಯೇ ಮುಖ್ಯ ಅಂದರೆ ಹೈಬ್ರಿಡ್ ಮುಂದೆ ಯಾವುದೂ ನಿಲ್ಲುವುದಿಲ್ಲ, ವರ್ಷಕ್ಕೆ 300ರ ಹತ್ತಿರ ಇಡುವಂತೆ ಮಾಡಿದ ಕೋಳಿ ಅದು. ಆದರೆ ಅದಕ್ಕೆ ಲೇಯರ್ ಫೀಡ್, ಅಂದರೆ ಮೊಟ್ಟೆ ಕೋಳಿಗೆ ಅಂತಲೇ ಮಾಡಿದ ಮೇವು, ಬೇಕೇ ಬೇಕು. ಫೆಬ್ರವರಿಯಲ್ಲಿ ಮನೆ ಜೋಳದ ನುಚ್ಚು ಮಾತ್ರ ಹಾಕಿ ಉಳಿಸೋಣ ಅಂತ ನೋಡಿದೆ, ಹತ್ತೇ ದಿನಕ್ಕೆ ಮೊಟ್ಟೆ ಸಿಪ್ಪೆ ಕಾಗದದಂತಾಯಿತು. ಕಪ್ಪೆಚಿಪ್ಪಿನ ಪುಡಿ ಹಾಕಿದ ಮೇಲೆ ಸರಿಯಾಯಿತು. ಕಾಲಿನ ಬಣ್ಣ ನೋಡಿಯೂ ಹೇಳಬಹುದು, ಎಲ್ಲವಕ್ಕೂ ಮೊದಲು ಹಳದಿ ಕಾಲು, ಜಾಸ್ತಿ ಇಟ್ಟ ಕೋಳಿಯ ಕಾಲು ಬಿಳಿಚಿಕೊಂಡಿರುತ್ತದೆ, ಆ ಹಳದಿ ಎಲ್ಲಾ ಮೊಟ್ಟೆಯೊಳಗಿನ ಹಳದಿ ಭಂಡಾರಕ್ಕೆ ಹೋಗಿರುತ್ತದೆ. ಬಿಸ್ಕತ್ತಿನ ಕಾಲು ಈಗ ಸುಣ್ಣ.

ಇನ್ನೊಂದು ತಮಾಷೆ. ಈ ಕಂದು ಮೊಟ್ಟೆಯನ್ನು ಪೇಟೆಯಲ್ಲಿ “ನಾಟಿ ಮೊಟ್ಟೆ” ಅಂತ ಮಾರುತ್ತಾರೆ. ನಮ್ಮ ನಿಜವಾದ ನಾಟಿ ಮೊಟ್ಟೆ ಸಣ್ಣದು, ಕೆನೆ ಬಣ್ಣ. ಗಾಢ ಕಂದು, ದಪ್ಪ, ಎಲ್ಲಾ ಒಂದೇ ಅಳತೆ ಅಂದರೆ ಅದು ಬಿಸ್ಕತ್ತಿನ ಅಕ್ಕತಂಗಿಯರದ್ದು. ಸಿಪ್ಪೆಯ ಬಣ್ಣದಿಂದ ಒಳಗಿನ ಸತ್ವ ಬದಲಾಗುವುದಿಲ್ಲ, ರೇಟು ಮಾತ್ರ ಬದಲಾಗುತ್ತದೆ.

ಈಗ ಅಂಗಡಿಯ ಕಥೆಗೆ ಬರುತ್ತೇನೆ. ಡಿಸೆಂಬರ್‌ನಲ್ಲಿ ದಾವಣಗೆರೆಗೆ ಹೋದಾಗ ಫೋನಿನಲ್ಲಿ ಫೋಟೋ ತೋರಿಸಿ ಕೇಳಿದೆ. ಜಗಳ ಆಡುವ ಮನಸ್ಸಿರಲಿಲ್ಲ, ಸುಮ್ನೆ ಗೊತ್ತಾಗಬೇಕಿತ್ತು. ಅವರು ಒಂದೊಂದೇ ಫೋಟೋ ದೊಡ್ಡದು ಮಾಡಿ ನೋಡಿದರು. ಆಮೇಲೆ ನಿಜವಾಗಿಯೂ ಆಶ್ಚರ್ಯದಿಂದ “ಕೆಂಪು ಕೋಳಿ ಕೇಳಿದ್ರಿ, ಕೆಂಪು ಕೋಳಿ ಕೊಟ್ಟೆ. ಏನ್ ಕಮ್ಮಿ ಆಯ್ತು ಸಾರ್?” ಅಂದರು. ಏಜೆಂಟ್ ಟೆಂಪೋದಲ್ಲಿ ತರುತ್ತಾನಂತೆ, ಕ್ರೇಟಿನ ಮೇಲೆ ಆರ್‌ಐಆರ್ ಅಂತ ಚೀಟಿ ಇರುತ್ತದಂತೆ. ಅವರು ಮೋಸ ಮಾಡಿದರು ಅಂತ ನನಗೆ ಅನಿಸಲಿಲ್ಲ. ಅವರ ಪಾಲಿಗೆ ಆರ್‌ಐಆರ್ ಅನ್ನುವುದು ತಳಿ ಅಲ್ಲ, ಬಣ್ಣ. ಬೆಂಗಳೂರಿನವರೆಗೆ ಹೈವೇ ಪಕ್ಕ ಎಷ್ಟು ‘ದಾವಣಗೆರೆ ಬೆಣ್ಣೆದೋಸೆ’ ಬೋರ್ಡು ಇವೆ, ಅದರಲ್ಲಿ ಎಷ್ಟು ಕಡೆ ಸೌದೆ ಒಲೆ ಇದೆ, ಎಷ್ಟು ಕಡೆ ಬೆಣ್ಣೆ ಬೆಣ್ಣೆಯೇ ಆಗಿದೆ? ಹಾಗೇ ಇದು. ಆದರೆ ದೋಸೆ ಮೋಸ ಬಾಯಿಗೆ ಹೋದ ಕೂಡಲೇ ಗೊತ್ತಾಗುತ್ತದೆ, ಕೋಳಿಗೆ ತಿಂಗಳುಗಟ್ಟಲೆ ಬೇಕು. ದುಡ್ಡು ವಾಪಸ್ ಕೊಡಲಿಲ್ಲ, ಮುಂದಿನ ಸಲ ಹತ್ತು ರೂಪಾಯಿ ಕಮ್ಮಿ ಮಾಡುತ್ತೇನೆ ಅಂದರು.

ನಷ್ಟ ಆಯಿತಾ? ಮೊಟ್ಟೆಯಲ್ಲಿ ಇಲ್ಲ, ಲಾಭವೇ. ತೊಂದರೆ ಮುಂದಿನ ಪೀಳಿಗೆಯದ್ದು. ನಾನು ಆರ್‌ಐಆರ್ ಕೇಳಿದ್ದೇ ಮನೆಯಲ್ಲೇ ಮರಿ ಮಾಡಿಸೋಣ, ಪ್ರತಿ ವರ್ಷ ಅಂಗಡಿಗೆ ಹೋಗುವುದು ಬೇಡ ಅಂತ. ಹೈಬ್ರಿಡ್ ಹೇಂಟೆಗೆ ಹುಂಜ ಕೂಡಿಸಿ ಮರಿ ಮಾಡಿದರೆ ಮರಿ ಬರುತ್ತವೆ, ಆದರೆ ತಾಯಿಯ ಹಾಗೆ ಮೊಟ್ಟೆ ಇಡುತ್ತವೆ ಅನ್ನುವ ಭರವಸೆ ಇಲ್ಲ, ಒಂದೊಂದು ಒಂದೊಂದು ಥರ. ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ ಮಾಡಿದ ಗಿರಿರಾಜ ಕೋಳಿ ಸಾಕಿದವರಿಗೂ ಇದು ಗೊತ್ತು, ಮೊದಲ ಸಲದ ಗಾತ್ರ ಎರಡನೇ ಸಲಕ್ಕೆ ಸಿಗುವುದಿಲ್ಲ. ಮೆಕ್ಕೆಜೋಳದ ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಎತ್ತಿಟ್ಟು ಬಿತ್ತಿದರೆ ಏನಾಗುತ್ತದೋ ಅದೇ. ಒಂದೇ ವರ್ಷ ಮೊಟ್ಟೆ ಮಾರುತ್ತೇನೆ ಅನ್ನುವವರು ಹೈಬ್ರಿಡ್ ಅನ್ನೇ ಹೆಸರು ಹೇಳಿ ಕೇಳಿ ತನ್ನಿ, ರೇಟೂ ಕಮ್ಮಿ ಬೀಳುತ್ತದೆ. ಮನೆಯಲ್ಲಿ ತಳಿ ಉಳಿಸಬೇಕು ಅನ್ನುವವರು ಮರಿ ನೋಡಬೇಡಿ, ಅಪ್ಪ ಅಮ್ಮನನ್ನು ತೋರಿಸಿ ಅಂತ ಕೇಳಿ. ತೋರಿಸಲಿಕ್ಕೆ ಆಗದವರ ಹತ್ತಿರ ತರಬೇಡಿ, ಅಥವಾ ಎರಡು ತಿಂಗಳು ದಾಟಿದ ಮರಿ ತಂದು ಊದಿ ನೋಡಿ.

ಬೇಸಿಗೆಯಲ್ಲಿ ಕಾವು ಕೂರಿಸಬೇಡ, ಮೊಟ್ಟೆ ಕೆಡುತ್ತವೆ ಅಂತ ಅಮ್ಮ ಬಿಡಲಿಲ್ಲ. ರೋಹಿಣಿ ಮಳೆ ಒಂದೆರಡು ಬಿದ್ದು ಹಿತ್ತಲು ತಂಪಾದ ಮೇಲೆ ಹ್ಯಾಂಪ್‌ಶೈರ್ ಹೇಂಟೆಯೊಂದನ್ನು ಹಳೇ ಮಂಕರಿಯಲ್ಲಿ ಹುಲ್ಲು ಹಾಸಿ ಕೂರಿಸಿದ್ದೇವೆ. ಅದರ ಅಡಿಯಲ್ಲಿ 11 ಮೊಟ್ಟೆ, ಎಲ್ಲಾ ಕಪ್ಪು ಬಾಲದ ಆ ನಾಲ್ಕು ಆರ್‌ಐಆರ್ ಹೇಂಟೆಗಳದ್ದು, ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ. ಸಾಧು ಅಂತ ಹೊಗಳಿದ ಕೋಳಿ ಈಗ ಬುಟ್ಟಿಯ ಹತ್ತಿರ ಕೈ ತಂದರೆ ಕುಕ್ಕುತ್ತದೆ. ಇವತ್ತಿಗೆ ಹದಿನೇಳನೇ ದಿನ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡಿದೆ, ಒಂಬತ್ತರಲ್ಲಿ ಜೀವ ಇದೆ, ಎರಡು ಖಾಲಿ.